ನಾಲ್ಕನೇ ಹಾರ್ನು

ಶಿವನಂಜು, ನೀನು ಕೇಳಿದೆ
ಕಾಸು ಎಣಿಸಿ ಕೈಗಿಟ್ಟ ಮೇಲೆ,
ನಿಜವಾಗಿಯೂ ತಿಳಿಯದವನ ಮುಖ ಹೊತ್ತು:
‘ಅಲ್ಲಣ್ಣ, ನಿಮ್ಮೋರು ಯಾಕೆ
ನಮ್ಮ ಪಕ್ಷಕ್ಕೆ ಓಟು ಹಾಕಲ್ಲ?’

ನಾನು ಮೊಣಕೈಗೆ ವೈರು ಸುತ್ತುತ್ತಿದ್ದೆ.
ಸುತ್ತುವಾಗ ಮಾತಾಡಿದರೆ ಗಂಟು ಬೀಳುತ್ತೆ.
ಅದಕ್ಕೇ ಸುಮ್ಮನಿದ್ದೆ. ಬೇರೇನಲ್ಲ.

ಖಲಂದರ್ ಸೌಂಡ್ಸ್, ಗುತ್ತಲು ರಸ್ತೆ, ಮಂಡ್ಯ.
ಬೋರ್ಡಿನ ಹೆಸರು ಅಪ್ಪ ಇಟ್ಟಿದ್ದು.
ಈ ಊರಿನ ಮದುವೆ, ಹರಿಸೇವೆ, ನಾಟಕ,
ಕಬ್ಬಿನ ಬೆಲೆಗೆ ಹೆದ್ದಾರಿ ತಡೆದ ಧರಣಿ,
ಎಲ್ಲದರ ಗಂಟಲೂ ನಮ್ಮ ಡಬ್ಬಿಯೊಳಗೇ ಹಾದು ಹೋಗಿದೆ.
ನಿನ್ನ ಅಕ್ಕನ ಧಾರೆಯ ದಿನ ಕರೆಂಟು ಹೋಗಿ
ಜನರೇಟರಿನ ಹಗ್ಗ ಎಳೆದೆಳೆದು
ನನ್ನ ಅಂಗೈ ಸುಲಿದಿತ್ತು.
ನಿನಗೆ ನೆನಪಿರಲಿಕ್ಕಿಲ್ಲ, ಆಗಿನ್ನೂ ಚಡ್ಡಿ ಹಾಕುತ್ತಿದ್ದೆ.

ನಿಮ್ಮ ಭಾಷಣ ಒಂದನ್ನೂ ನಾನು ಬಿಟ್ಟಿಲ್ಲ.
ಬೇರೆಯವರು ನಡುವೆ ಎದ್ದು ಹೋಗಬಹುದು,
ಮೈಕಿನವನು ಹೋಗೋ ಹಾಗಿಲ್ಲ.
ಮೊದಲರ್ಧ, ದೇವರಾಣೆ, ನಮ್ಮಪ್ಪನ ಮಾತೇ:
ಹಿರಿಯರಿಗೆ ಎದುರಾಡಬೇಡಿ,
ಸ್ಕೂಲ್ ಪಕ್ಕದ ಬಾರು ತೆಗೆಸಿ,
ಸಾಲ ಮಾಡಿ ಮದುವೆ ಮೆರೆಸಬೇಡಿ,
ದುಡಿದವನ ಕಾಸಿಗೆ ಸರ್ಕಾರ ಕೈ ಹಾಕಬಾರದು.
ನಾನು ತಲೆ ಆಡಿಸಿದ್ದು ನೋಡಿ ಜವರ ನಕ್ಕಿದ್ದಾನೆ.
ಆಮೇಲೆ ಸಾಹೇಬರು ನೀರು ಕುಡೀತಾರೆ.
ಲೋಟ ಕೆಳಗಿಟ್ಟದ್ದು ಟಕ್ ಅಂತ ಮೈಕಿಗೆ ಬೀಳುತ್ತೆ.
ಅಲ್ಲಿಂದ ಶುರು: ‘ಅವರು’.

ಅವರು ಹೆಚ್ಚಾಗ್ತಿದ್ದಾರೆ.
ಅವರ ಅಂಗಡೀಲಿ ಯಾಕೆ ಕೊಳ್ತೀರಿ.
ಅವರನ್ನ ಎಲ್ಲಿಡಬೇಕೋ ಅಲ್ಲಿಡ್ತೀವಿ.
ಚಪ್ಪಾಳೆ.
ಇಪ್ಪತ್ತಡಿ ದೂರದಲ್ಲಿ ನಾನು,
ವಾಲ್ಯೂಮಿನ ಮೇಲೆ ಎರಡು ಬೆರಳು.
‘ಇವರು’ ಅಂದಿದ್ದರೂ ಆಗುತ್ತಿತ್ತು,
ಕೈ ಚಾಚಿದರೆ ಸಿಗೋ ದೂರ.

ಅವತ್ತು ಸಾಹೇಬರಿಗೆ ಗಂಟಲು ಕಟ್ಟಿತ್ತು.
ಒಡೆದ ದನಿಗೆ ಚೂರು ಬೇಸ್ ಸೇರಿಸಿ
ಸೀಟಿ ಹೊಡೆಯೋ ಸಕಾರ ತಗ್ಗಿಸಿ
ಸಿಂಹ ಮಾಡಿ ಕೊಟ್ಟೆ.
ಕಸುಬಿಗೆ ದ್ರೋಹ ಮಾಡಬಾರದು,
ಅದೂ ಅಪ್ಪನ ಮಾತೇ.

ಒಂದೇ ಸಲ ಕುಂಯ್ ಅಂತ ಕಿರುಚಿತು.
‘ಏಯ್ ಸಾಬಿ, ನೋಡ್ಕೊಳೋ’ ಅಂದರು ಯಾರೋ,
ಕೆಟ್ಟ ಮನಸ್ಸಿಂದಲ್ಲ, ಕರೆದು ರೂಢಿ.
ಮುಂದಿನ ಸಾಲಲ್ಲಿ ನನ್ನ ಜೊತೆ ಓದಿದ ಮರೀಗೌಡ.
ಅವನ ಕಣ್ಣು ಅವನ ಚಪ್ಪಲಿಯ ಮೇಲೆ.
ಚಪ್ಪಾಳೆ ಹೊಡೀಲಿಲ್ಲ.
ಎದ್ದೂ ಹೋಗಲಿಲ್ಲ.

ಇನ್ನೊಂದು ಪಕ್ಷದೋರೇನು ಕಮ್ಮಿಯಲ್ಲ.
ಎರಡು ಎಲೆಕ್ಷನ್ನಿನ ಬಾಡಿಗೆ ಬಾಕಿ.
ಕೇಳಹೋದರೆ ಹೆಗಲ ಮೇಲೆ ಕೈ, ‘ನೀನು ನಮ್ಮೋನಲ್ವಾ!’
ನೀವು ಅವತ್ತೇ ಚುಕ್ತಾ ಮಾಡ್ತೀರಿ,
ಟೀಗೆ ಅಂತ ನೂರು ಜಾಸ್ತಿ.
ಅಲ್ಲಿ ನಾನು ನಮ್ಮೋನು, ಉದ್ರಿ.
ಇಲ್ಲಿ ನಾನು ಅವರು, ನಗದು.
ಆರಿಸಿಕೋ ಅಂತೀಯ.

ಹೋದ ಭಾನುವಾರ ಚೀಟಿ ಹಂಚಲು ಬಂದವರು
ನಮ್ಮ ಬೀದಿಯ ಬಾಯಲ್ಲೇ ಗಾಡಿ ತಿರುಗಿಸಿದಿರಿ.
ಒಳಗೆ ನನ್ನ ಮಗಳು ಬುಶ್ರಾ, ಮೊದಲ ಓಟು,
ಹಾಳೆಯಲ್ಲಿ ಪ್ರಶ್ನೆ ಬರೆದಿಟ್ಟುಕೊಂಡು ಕಾದಿದ್ದಳು:
ಹಾಸ್ಟೆಲ್ ಸೀಟು, ಮೈಸೂರಿನ ಬಸ್ಸು,
ಮೋರಿ, ಮತ್ತೆ ಇನ್ನೊಂದೇನೋ, ನನಗೆ ತೋರಿಸಲಿಲ್ಲ.
ಆ ಹಾಳೆ ಇನ್ನೂ ಟಿವಿ ಮೇಲಿದೆ.

ಹೋಗಲಿ ಬಿಡು.
ಮಧ್ಯಾಹ್ನ ಕಂಬದ ಮೇಲಿದ್ದೆ.
ಕೆಳಗಿಂದ ಕೂಗಿದವನು ನೀನೇ:
‘ನಾಲ್ಕನೇ ಹಾರ್ನು ಗುತ್ತಲು ಕಡೆ ತಿರುಗಿಸಣ್ಣ,
ಆ ಕಡೆಗೂ ಚೆನ್ನಾಗಿ ಕೇಳಲಿ.’
ತಿರುಗಿಸಿದೆ.
ನಟ್ಟು ಬಿಗಿ ಮಾಡಿದೆ.

ಮನೆ ಮುಟ್ಟಿದಾಗ ಹನ್ನೊಂದೂವರೆ.
ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ.
ಅಮ್ಮಿಗೆ ಕಿವಿ ಮಂದ, ಈಗೀಗ ಆಜಾನೂ ಕೇಳಲ್ಲ,
ಗಡಿಯಾರ ನೋಡಿ ನಮಾಜಿಗೆ ಕೂರುತ್ತಾಳೆ.
ತಟ್ಟೆ ಇಟ್ಟು, ಸಾರು ಬಡಿಸಿ,
ನನ್ನ ಮುಖ ನೋಡದೆ ಅಂದಳು:
‘ಇವತ್ತು ಸೌಂಡು ಚೆನ್ನಾಗಿತ್ತು, ಬೇಟಾ.
ಒಂದಕ್ಷರ ಬಿಡದ ಹಾಗೆ ಕೇಳಿಸ್ತು.’