ಭೂತಗನ್ನಡಿ

ಸಾಗರದ ಪೇಟೆಯಲ್ಲಿ ಕನ್ನಡಕದಂಗಡಿ ನನ್ನದು.
ಇಪ್ಪತ್ತೆರಡು ವರ್ಷ ಊರವರ ಕಣ್ಣು ನೋಡಿದ್ದೇ ಬಂತು.
ಭಾದ್ರಪದದ ಒಂದು ಮಂಗಳವಾರ ಬಾಗಿಲೆಳೆದು
ಭೂತಗನ್ನಡಿಯೊಂದನ್ನು ಚೀಲಕ್ಕಿಳಿಸಿ
ಮೊದಲ ಬಸ್ಸಿಗೆ ಬ್ಯಾಣ ನೋಡಲು ಹೊರಟೆ.

ಗೇಟಿನಲ್ಲಿ ವಾಚರ್ ಹುಚ್ಚಪ್ಪ. ಖಾಕಿ ಅಂಗಿ, ಹವಾಯಿ ಚಪ್ಪಲಿ.
"ಹುಲಿ ಇಲ್ಲ, ಫಾಲ್ಸ್ ಇಲ್ಲ, ಮೊದಲೇ ಹೇಳ್ತೀನಿ."
"ಹುಲ್ಲಿದೆಯಲ್ಲ?"
"ಅದಕ್ಕೇನು ಬರ ಇಲ್ಲ."

ಮುರಕಲ್ಲಿನ ಬೋಳು ಬೆನ್ನು. ಮೇಲೆ
ರೊಟ್ಟಿಯಷ್ಟು ದಪ್ಪ ಮಣ್ಣು.
ಕರಡದ ಹುಲ್ಲು ಮೊಣಕಾಲಿಗೆ ಬಂದು
ಸೀರೆಯಂಚಿಗೆಲ್ಲ ಮುಳ್ಳುಬೀಜ ಹೊಲಿಯಿತು.
ಒಳಗಿಂದ ಚಿಮ್ಮಿದ ನೆಲಗುಬ್ಬಿಯೊಂದು
ಮೋಡಕ್ಕೆ ಮೊಳೆ ಹೊಡೆದು ನೇತುಹಾಕಿದಂತೆ
ಅಲ್ಲೇ ನಿಂತು, ಉಸಿರು ತಿರುಗಿಸದೆ ಹಾಡಿ,
ದಾರ ಕತ್ತರಿಸಿದ ಹಾಗೆ
ಬಿತ್ತು.

"ತಡೀರಿ ಅಮ್ಮ, ಕಾಲು!"
ಮುರಕಲ್ಲಿನ ಚೂರೊಂದು ಕಣ್ಣು ಬಿಟ್ಟು
ಕುಪ್ಪಳಿಸಿ ಹೋಯಿತು.

ಅಲ್ಲೇ ಮೊಣಕಾಲೂರಿದೆ.
ಗಾಜಿನ ಕೆಳಗೆ ಕೆಂಪೆಲೆ, ಗುಂಡುಸೂಜಿ ಚುಚ್ಚಿಟ್ಟ ಹಾಗೆ ಕೂದಲು,
ಕೂದಲ ತುದಿಗೊಂದೊಂದು ಅಂಟು ಹನಿ,
ಹನಿಯಲ್ಲಿ ಸಿಕ್ಕಿದ ನುಸಿ
ಇನ್ನೂ ಒಂದು ಕಾಲು ಆಡಿಸುತ್ತಿದೆ.
"ಇದಕ್ಕೇನಂತೀರಿ?"
"ಹೆಸರಿಲ್ಲ. ದನ ಮೂಸೂದಿಲ್ಲ."
ಗಾಜು ಅವನ ಕೈಗಿಟ್ಟೆ.

ಹುಚ್ಚಪ್ಪ ಬಗ್ಗಿದವನು ಏಳಲಿಲ್ಲ.
ಬೆನ್ನ ಮೇಲೆ ಜಡಿಮಳೆಯೊಂದು ಬಂದು ಹೋಯಿತು.
ಆಮೇಲೆ, ನೆಲಕ್ಕೇ ಹೇಳುವವನಂತೆ:
"ಇಲ್ಲಿ ಗುಂಡಿ ತೋಡಿದ್ದು ನಾನೇಯ.
ಅಕೇಶಿಯಾ ನೆಡೂಕೆ. ಗುಂಡಿಗೆ ಮೂರು ರೂಪಾಯಿ.
ಕಾಗದದಲ್ಲಿ ಖಾಲಿ ಜಾಗ ಅಂತ ಇತ್ತು.
ಒಂದು ಗಿಡವೂ ಹಿಡೀಲಿಲ್ಲ, ಬುಡದಲ್ಲಿ ಬರೀ ಕಲ್ಲು."
ತಡೆದು, "ಅವತ್ತು ಬೇಜಾರಾಗಿತ್ತು," ಎಂದ.

ಗುಂಡಿಗಳು ಇನ್ನೂ ಇವೆ, ಸಾಲಾಗಿ,
ಸರ್ಕಾರಿ ಅಳತೆಯಲ್ಲಿ.
ಒಂದೊಂದರಲ್ಲೂ ಗೇಣು ನೀರು,
ನೀರಿನಂಚಿಗೆ ಸಾಸಿವೆಗಿಂತ ಕೊಂಚ ದೊಡ್ಡ ನೀಲಿ ಹೂ,
ಬಾಲ ಅದ್ದಿ ಅದ್ದಿ ಮೊಟ್ಟೆಯಿಡುವ ಏರೋಪ್ಲೇನ್ ಚಿಟ್ಟೆ.
ಹನ್ನೊಂದರವರೆಗೆ ಎಣಿಸಿದೆ; ಹನ್ನೆರಡನೆಯದರಲ್ಲಿ
ಯಾರೋ ಎಸೆದ ಗುಟ್ಕಾ ಚೀಟು.
ಅದನ್ನವನು ಹೆಕ್ಕಿ ಜೇಬಿಗೆ ಹಾಕಿಕೊಂಡ.

ಬಸ್ಸಿನ ಹೊತ್ತಾಯಿತು. ಗಾಜನ್ನು
ಅಂಗಿಯಲ್ಲೊರೆಸಿ ವಾಪಸು ಕೊಟ್ಟ
(ಒದ್ದೆ ಅಂಗಿ; ಇನ್ನಷ್ಟು ಮಸುಕಾಯಿತು).
ಆಮೇಲೆ ಥಟ್ಟನೆ ಕೈಯೆತ್ತಿ
ಬ್ಯಾಣ ಮುಗಿದು ಕಾನು ಶುರುವಾಗುವ ಗೆರೆ ತೋರಿಸಿದ.
"ಅಗೋ, ಕಡವೆ. ಮರಿನೂ ಉಂಟು."

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ.
ಅವನ ಬೆರಳಿನ ಮೇಲೇ ಕಣ್ಣಿಟ್ಟು, ಬೆರಳು ದಾಟಿ,
ಬಹಳ ಹೊತ್ತು ನೋಡಿದೆ.
ನನಗೆ ಹುಲ್ಲಷ್ಟೇ ಕಂಡಿತು.