ಐದನೇ ಸಾಲು

ತಿಮಿಶ್ವಾರಾ, ಫೆಬ್ರವರಿ. ಟ್ರಾಮ್ ಡಿಪೋದ ಮೇಲಂತಸ್ತಿನಲ್ಲಿ
ಸ್ಮರಾಂಡಾ ಮತ್ತೊಮ್ಮೆ ಆ ಫೈಲಿನ ಕದ ತಟ್ಟುತ್ತಾಳೆ.
ಒಳಗಿರುವುದು ಒಂದು ಚಿಪ್ಪಿನ ನಡತೆ:
ಎಷ್ಟು ವೋಲ್ಟಿಗೆ ಎಚ್ಚರ, ಎಷ್ಟು ಬಿಸಿಗೆ ಸಿಟ್ಟು.
ಕಣ್ಣಿಗೆ ಕಾಣುವುದು ಮಾತ್ರ
ಹದಿನಾಲ್ಕು ಪುಟ ಅಕ್ಷರದ ಹೊಟ್ಟು.

ತಯಾರಕರ ಉತ್ತರದಲ್ಲಿ ಸಭ್ಯತೆಗೆ ಕೊರತೆಯಿಲ್ಲ.
ಕೀಲಿಕೈ ಇರುವುದು ಇನ್ನೊಂದು ಸಾಫ್ಟ್‌ವೇರಿನ ಬಳಿ,
ಅದರ ವರ್ಷದ ಬಾಡಿಗೆಗೆ
ಎರಡು ಟ್ರಾಮಿನ ಬಾಗಿಲು ಬರುತ್ತವೆ.
ಇವರದರ ಹಳೆಯ ಆವೃತ್ತಿ ಹೇಗೋ ನುಂಗುತ್ತಿತ್ತಂತೆ,
ಹೊಸದಕ್ಕೆ ಕಬ್ಬಿಣದ ಕಡಲೆ.
ಐದನೇ ಸಾಲಿನಲ್ಲಿ ದೋಷ, ಎನ್ನುತ್ತದೆ.
ಐದನೇ ಸಾಲು ತೋರಿಸು ಅಂದರೆ
ಅದಕ್ಕೆ ಅಪ್ಪಣೆಯಿಲ್ಲ.

ಮೊನ್ನೆ ಏಳನೇ ಮಾರ್ಗದಲ್ಲಿ
ಮುದುಕಿಯೊಬ್ಬಳ ಕೋಸಿನ ಚೀಲ ಕಚ್ಚಿಕೊಂಡು
ಬಾಗಿಲು ಎರಡು ನಿಲ್ದಾಣ ದಾಟಿತ್ತು.

ಬೆಸುಗೆಯ ಲಿವಿಯು ಡ್ರಾಯರು ಕೆದಕಿ
ಅದೇ ಚಿಪ್ಪುಗಳನ್ನು, ಸ್ಕ್ರೂಗಳ ನಡುವಿನಿಂದ ಹೆಕ್ಕಿ
ಮೇಜಿಗೆ ಸುರಿದ: 'ಇವನ್ನೇ ಕೇಳೋಣ.'
ಕಾಯಿಸಿದರು. ಹಸಿವಿಗಿಟ್ಟರು.
ಒಮ್ಮೆಲೇ ನಲವತ್ತು ವೋಲ್ಟು ಉಣಿಸಿದರು.
ಆಸಿಲೋಸ್ಕೋಪಿನ ಹಸಿರು ಗೆರೆ ತೊದಲಿತು,
ಮತ್ತೆ ತೊದಲಿತು, ಅದೇ ಜಾಗದಲ್ಲಿ.
ಮೂರನೆಯದು ಹೊಗೆಯಾಯಿತು.

ಆ ತೊದಲನ್ನು ಅವಳು ಕೈಯಾರೆ ಇಳಿಸಿಕೊಂಡಳು.
ಒಂದು ರೆಸಿಸ್ಟರ್, ಎರಡು ಕೆಪಾಸಿಟರ್, ಉಳಿದದ್ದು ಅಂದಾಜು.
ಒರಟು ಮಾದರಿ. ನೂರಕ್ಕೆ ಎಂಬತ್ತು ನಿಜ.
ಬೀಗವಿಲ್ಲ, ಯಾರೂ ಓದಬಹುದು,
ಕೊನೆಗೊಂದು ಟಿಪ್ಪಣಿ ಸಮೇತ:
'ಬೇಸಿಗೆಯಲ್ಲಿ ಇದನ್ನು ನಂಬಬೇಡಿ. ಸ್ಮ.'

ಐದನೇ ಸಾಲನ್ನು ಯಾಕೋ ಖಾಲಿ ಬಿಟ್ಟಿದ್ದಾಳೆ.

ಕೆಳಗೆ ಏಳನೆಯದು ಗಂಟೆ ಬಾರಿಸುತ್ತ ಹೊರಟಿತು.
ಕಿಟಕಿ ತೆರೆದಿದ್ದರೂ
ಸುಟ್ಟ ವಾಸನೆ ಕೋಟಿಗೆ ಹತ್ತಿತ್ತು.