ಬೀಗದ ಕೈ

ತಗಡಿನ ತೊಟ್ಟಿಲಲ್ಲಿ ಕೂತು ಕಣಿವೆ ದಾಟಿದೆ,
ತೊಡೆಯ ಮೇಲೆ ಹದಿನೆಂಟು ಕಿಲೋದ ಬೂದು ಪೆಟ್ಟಿಗೆ.
ಕೆಳಗೆ ಚಿಯಾತುರಾ, ಮ್ಯಾಂಗನೀಸಿನ ಕಪ್ಪು ಕುಡಿದ ಹೊಳೆ.
ಎದುರು ತೊಟ್ಟಿಲಲ್ಲಿ ಪಾಳಿ ಮುಗಿಸಿದ ಗಣಿಯವರು
ನಿಂತಲ್ಲೇ ನಿದ್ದೆಹೋಗಿ ಮೇಲೇರುತ್ತಿದ್ದರು.
ಆಗಲೇ ಕರೆಂಟ್ ಹೋಗಿದ್ದರೆ
ನಾನೂ ಪೆಟ್ಟಿಗೆಯೂ ರಾತ್ರಿಯಿಡೀ ಅಲ್ಲೇ.

ತ್ಸಿಯಾಲಾ ಬಾಗಿಲಲ್ಲೇ ತಡೆದಳು:
"ಇವಳೇನಾ ನನ್ನ ಸವತಿ?"

ಇಪ್ಪತ್ತಾರು ವರ್ಷ ಎರಡು ಪ್ರೊಜೆಕ್ಟರುಗಳ ನಡುವೆ ನಡೆದು
ಹಲಗೆ ಸವೆಸಿದವಳು. ರೀಲು ಮುಗಿವ ಮುನ್ನ
ಪರದೆಯ ಮೂಲೆಯಲ್ಲಿ ಮಿನುಗುವ ಚುಕ್ಕೆಗೆ
ಕಣ್ಣು ನೆಟ್ಟುಕೊಂಡೇ ಉಂಡವಳು,
ಗಂಡ ಸತ್ತ ಸುದ್ದಿಗೂ
"ತಡಿ, ರೀಲು ಬದಲಿಸುತ್ತೇನೆ" ಅಂದವಳಂತೆ.
ಇನ್ನು ಆ ಕಣ್ಣಿನ ಕೆಲಸ
ಫಿಲಂ ಅಂಚಿಗೆ ಅಂಟಿಸಿದ, ಉಗುರಗಲದ ಬೆಳ್ಳಿಹಾಳೆಯದು.
ಅದು ಹಾದುಹೋದರೆ ರಿಲೇ ಟಕ್ ಎನ್ನುತ್ತದೆ,
ಒಂದು ಮುಚ್ಚಿ ಇನ್ನೊಂದು ತೆರೆಯುತ್ತದೆ.

ಬೆಳಗ್ಗೆ ಹತ್ತಕ್ಕೇ ಊರಿಡೀ ಕರೆಂಟ್ ಇಲ್ಲ.
ಆದರೂ ನಾನು ಮೇನ್ ಸ್ವಿಚ್ ಇಳಿಸಿ
ಹಿಡಿಕೆಗೆ ಬೀಗ ಜಡಿದು, ರಟ್ಟಿನ ಚೀಟಿ ಕಟ್ಟಿದೆ:
ಮುಟ್ಟಬೇಡಿ. ಒಳಗೆ ಮನುಷ್ಯನಿದ್ದಾನೆ.

ಟಾರ್ಚ್ ಹಿಡಿದ ಹುಡುಗ ಬಕಾರ್ ನಕ್ಕ:
"ಇಲ್ಲದ ಕರೆಂಟಿಗೆ ಬೀಗವೇ, ಮಾವಾ?"
ಮಗಾ, ಹೋದ ಕರೆಂಟು ಸತ್ತ ಕರೆಂಟಲ್ಲ.
ಅದು ಕುಡಿಯಲು ಹೋದ ಗಂಡ.
ಯಾವ ಹೊತ್ತಿಗೆ ಬಂದು ಬಾಗಿಲು ಒದೆಯುತ್ತಾನೋ.

ಟೆಸ್ಟರನ್ನು ಮೊದಲು ಬ್ಯಾಟರಿಗೆ ಮುಟ್ಟಿಸಿದೆ,
ಆಮೇಲೆ ತಂತಿಗೆ, ತಿರುಗಿ ಬ್ಯಾಟರಿಗೆ.
ಸುಳ್ಳು ಹೇಳುವ ಸಾಕ್ಷಿಯನ್ನು ನಂಬಿ ಸತ್ತವರುಂಟು.
ಕೆಪಾಸಿಟರುಗಳು ನೆನಪು ಕಕ್ಕುವ ತನಕ ಕಾದೆವು,
ಒಂದು ಸಿಗರೇಟಿನಷ್ಟು ಹೊತ್ತು, ಹೊರಗೆ ಹೋಗಿ.
ಮುಖಕ್ಕೆ ಮುಸುಕು, ಮೊಣಕೈವರೆಗೆ ಚರ್ಮದ ಗವಸು ತೊಟ್ಟು
ಕ್ಸೆನಾನ್ ದೀಪವನ್ನು ಎಳೆಗೂಸಿನಂತೆ ಎತ್ತಿ ಅದರ ಕವಚದಲ್ಲಿ ಮಲಗಿಸಿದೆ.
ತಣ್ಣಗಿದ್ದರೂ ಅದು ಉಸಿರು ಬಿಗಿಹಿಡಿದ ಗಾಜು.
ಆಮೇಲೆ ತಂತಿಗಳು. ಇಪ್ಪತ್ನಾಲ್ಕು ವೋಲ್ಟೂ ಮುನ್ನೂರೆಂಬತ್ತೂ
ಒಂದೇ ಕೊಳವೆಯಲ್ಲಿ ಮಲಗಕೂಡದು.
ಹಸಿರು ಹಳದಿ ಎಳೆ ಎಲ್ಲಕ್ಕಿಂತ ಮೊದಲು. ಮಣ್ಣಿಗೊಂದು ದಾರಿ.

ನಾಲ್ಕೂ ನಲವತ್ತು.
ಇದ್ದಕ್ಕಿದ್ದಂತೆ ಕಣಿವೆಯೆಲ್ಲ ಬಾಯಿ:
"ಬಂತು! ಬಂತು!"
ಕಿಟಕಿಗಳಿಂದ, ರೊಟ್ಟಿಯ ಸಾಲಿನಿಂದ,
ನಡುಗಾಳಿಯಲ್ಲಿ ಸಿಕ್ಕಿಬಿದ್ದ ತೊಟ್ಟಿಲಿಂದ.
ಊರು ಬೆಳಗಿತು.
ನಮ್ಮ ಕೋಣೆ ಮಾತ್ರ ಕತ್ತಲು.
ನನ್ನ ತೋಳು ಮೊಣಕೈವರೆಗೆ ಯಂತ್ರದ ಹೊಟ್ಟೆಯಲ್ಲಿ.

ಏನೂ ಆಗಲಿಲ್ಲ.
ಇಷ್ಟೇ ಕತೆ. ಏನೂ ಆಗದಿರಲೆಂದೇ
ನಾನು ಸಂಬಳ ತೆಗೆದುಕೊಳ್ಳುವುದು.
ಬೀಗಕ್ಕೂ ಒಂದು ಕೈ ಇದೆ.
ಅದು ನನ್ನ ಜೇಬಲ್ಲಿದ್ದರೆ
ನನ್ನ ಕೈ ನನ್ನದು.

ಬಕಾರ್ ನಗಲಿಲ್ಲ. ಟಾರ್ಚು ಸ್ವಲ್ಪ ನಡುಗಿತು, ಅಷ್ಟೆ.

ಮರುದಿನ ತ್ಸಿಯಾಲಾ ಒಂದೇ ಪ್ರಶ್ನೆ ಕೇಳಿದಳು:
"ತಂತಿ ಕಡಿದರೆ?"
ತೋರಿಸಿದೆ. ಬೆಂಕಿಯ ಗಂಟೆಯಿಂದ ಬರುವ ಈ ಎಳೆಯಲ್ಲಿ
ಸದಾ ಹರಿಯುತ್ತಿರಬೇಕು, ನಾಡಿಯ ಹಾಗೆ.
ನಿಂತಿತೋ, ಫಿಲಂ ನಿಲ್ಲುತ್ತದೆ, ಕಿಂಡಿಯ ಕಬ್ಬಿಣ ಬೀಳುತ್ತದೆ,
ಸಭಾಂಗಣಕ್ಕೆ ಬೆಳಕು ಬರುತ್ತದೆ.
ಕೆಟ್ಟರೆ ಬೆಳಕಿನ ಕಡೆಗೇ ಕೆಡಬೇಕು.

ನಂಬಲಿಲ್ಲ. ಪ್ರದರ್ಶನವಿಲ್ಲದ ಮಧ್ಯಾಹ್ನ, ಯಂತ್ರ ಓಡುತ್ತಿರುವಾಗ
ಅಂಗಿಯ ಜೇಬಿಂದ ಫಿಲಂ ಕತ್ತರಿ ತೆಗೆದು
ಕಚಕ್ಕನೆ ಕತ್ತರಿಸಿಯೇಬಿಟ್ಟಳು.
ಕೆಳಗೆ ನಾನೂರು ಖಾಲಿ ಕುರ್ಚಿಗಳು ಕಣ್ಣುಬಿಟ್ಟವು.
"ಹೂಂ," ಅಂದಳು.
ತಂತಿ ಜೋಡಿಸಲು ನನಗೆ ಇನ್ನೊಂದು ಗಂಟೆ ಹಿಡಿಯಿತು,
ಮತ್ತೆ ಬೀಗ, ಮತ್ತೆ ಚೀಟಿ.

ಆ ಸಂಜೆ ಅವಳು ಕೆಳಗೆ ಹೋಗಿ ಕೂತಳು, ಏಳನೆಯ ಸಾಲಿನಲ್ಲಿ.
"ಈ ಕುರ್ಚಿ ಕಿರುಗುಡುತ್ತೆ, ಯಾರೂ ಹೇಳಲೇ ಇಲ್ಲ" ಎಂದು ಕೂಗಿದಳು.
ಮೇಲಿನ ಕಿಂಡಿಯಿಂದ ನೋಡುತ್ತಿದ್ದೆ.
ಮೂಲೆಯಲ್ಲಿ ಚುಕ್ಕೆ ಮಿನುಗಿತು.
ಕತ್ತಲಲ್ಲಿ ಅವಳ ಬಲಗೈ ತಾನಾಗಿ ಎದ್ದಿತು.
ರಿಲೇ ಟಕ್ ಎಂದಿತು, ಚಿತ್ರ ಮುಂದೆ ಹೋಯಿತು.
ಎದ್ದ ಕೈಯನ್ನೇನು ಮಾಡುವುದೋ ತಿಳಿಯದೆ
ಅವಳು ತಲೆಗೂದಲು ಸರಿಮಾಡಿಕೊಂಡಳು.